ಮೀನಿನ ತೊಟ್ಟಿಗೆ ಮೊಟ್ಟೆ ಚಿಪ್ಪು, ಸುಣ್ಣ ಹಾಕಬೇಕೇ? ವಿಜಯಪುರದ ಗಡಸು ನೀರು ಹೇಳುವ ಲೆಕ್ಕವೇ ಬೇರೆ

ತಾರಸಿಯ ಮೇಲೆ ಒಂದು ಮೀನಿನ ತೊಟ್ಟಿ, ಅದರ ಮೇಲೆ ಜಲ್ಲಿಕಲ್ಲು ತುಂಬಿದ ಟ್ರೇ, ಟ್ರೇಯಲ್ಲಿ ಪಾಲಕ್, ಮೆಂತ್ಯ, ಟೊಮೆಟೊ. ಮೀನಿನ ತ್ಯಾಜ್ಯವೇ ಗಿಡಕ್ಕೆ ಗೊಬ್ಬರ, ಗಿಡ ಶುದ್ಧ ಮಾಡಿದ ನೀರು ಮತ್ತೆ ಮೀನಿಗೆ. ಇದೇ ಅಕ್ವಾಪೋನಿಕ್ಸ್. ಇದರ ವೀಡಿಯೊಗಳ ಜೊತೆಗೆ ಒಂದು ಸಲಹೆಯೂ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ: ಎಲೆ ಹಳದಿಯಾದರೆ ಕ್ಯಾಲ್ಸಿಯಂ ಕಡಿಮೆಯಾಗಿದೆ, ತೊಟ್ಟಿಗೆ ಮೊಟ್ಟೆ ಚಿಪ್ಪು ಹಾಕಿ, ಇಲ್ಲವೇ ಒಂದು ಚಮಚ ಸುಣ್ಣ ಕಲಸಿ.

ಈ ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ವಿಜಯಪುರ ನಗರ, ತಿಕೋಟಾ, ಬಬಲೇಶ್ವರದಂಥ ಕಡೆ ಕೊಳವೆಬಾವಿ ನೀರು ಬಳಸುವವರಿಗೆ ಇದು ಹೊಂದುವುದಿಲ್ಲ. ಚಿಪ್ಪು ಹಾಕಿದರೆ ಲಾಭವಿಲ್ಲ. ಸುಣ್ಣ ಹಾಕಿದರೆ ಒಂದೇ ರಾತ್ರಿಯಲ್ಲಿ ಮೀನು ಸಾಯಬಹುದು. ಏಕೆ ಎಂದು ನೋಡೋಣ.

ಈ ಸಲಹೆ ಎಲ್ಲಿಂದ ಬಂತು?

ಮನೆ ಅಕ್ವಾಪೋನಿಕ್ಸ್‌ನ ಬಹಳಷ್ಟು ನಿಯಮಗಳ ಮೂಲ ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯ್ ದ್ವೀಪದಲ್ಲಿದೆ. ಅಲ್ಲಿ ವರ್ಜಿನ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಾಕೋಸಿ ಮತ್ತು ಸಂಗಡಿಗರು ಹಲವು ವರ್ಷ ಪ್ರಯೋಗ ನಡೆಸಿದರು. ಮೀನಿನ ಆಹಾರದಿಂದ ಗಿಡಕ್ಕೆ ಬೇಕಾದ ಹೆಚ್ಚಿನ ಪೋಷಕಾಂಶಗಳು ಸಿಗುತ್ತವೆ, ಆದರೆ ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತು ಕಬ್ಬಿಣ ಸಾಲುವುದಿಲ್ಲ ಎಂದು ಅವರು ಕಂಡುಕೊಂಡರು. ಅದಕ್ಕಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಸರದಿಯಂತೆ ಅಳತೆ ಮಾಡಿ ಸೇರಿಸುತ್ತಿದ್ದರು.

ಇಲ್ಲೊಂದು ಮುಖ್ಯ ವಿಷಯವಿದೆ. ಅವರು ಬಳಸಿದ್ದು ಸಂಗ್ರಹಿಸಿದ ಮಳೆ ನೀರು. ಮಳೆ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬಹುದು. ಹಾಗಾಗಿ ಅಲ್ಲಿ ಸೇರಿಸಲೇಬೇಕಿತ್ತು. ಸಲಹೆ ಫಾರ್ವರ್ಡ್ ಆಗುತ್ತಾ ನಮ್ಮೂರಿಗೆ ಬಂತು, "ಮಳೆ ನೀರು" ಎಂಬ ಷರತ್ತು ದಾರಿಯಲ್ಲೇ ಉಳಿಯಿತು.

ನಮ್ಮ ನೀರಿನಲ್ಲಿ ಏನಿದೆ?

ವಿಜಯಪುರ ಜಿಲ್ಲೆಯ ಬಹುಭಾಗ ನಿಂತಿರುವುದು ದಖ್ಖನಿನ ಕಪ್ಪು ಬಸಾಲ್ಟ್ ಬಂಡೆಯ ಮೇಲೆ. ಈ ಬಂಡೆಯ ಖನಿಜಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆ. ಮೇಲಿನ ಎರೆ ಮಣ್ಣಿನಲ್ಲೂ ಸುಣ್ಣದ ಹರಳುಗಳಿರುತ್ತವೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಮಣ್ಣಿನೊಳಗೆ ನಿಧಾನವಾಗಿ ಇಳಿಯುವ ನೀರು ಇವನ್ನೆಲ್ಲ ಕರಗಿಸಿಕೊಂಡು ಕೊಳವೆಬಾವಿ ಸೇರುತ್ತದೆ. ಆದ್ದರಿಂದ ಇಲ್ಲಿ ಗಡಸು ನೀರು ಸಾಮಾನ್ಯ. ಡೋಣಿ ನದಿಯ ಆಸುಪಾಸಿನಲ್ಲಿ ಸವಳು ನೀರೂ ಸಿಗುತ್ತದೆ.

ಇದನ್ನು ತಿಳಿಯಲು ಪ್ರಯೋಗಾಲಯವೇ ಬೇಕಿಲ್ಲ. ಗೀಸರ್ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ನೋಡಿ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರನ್ನು ಕೇಳಿದರೆ ಡ್ರಿಪ್ ಪೈಪಿನ ತೂತು ಸುಣ್ಣ ಕಟ್ಟಿ ಮುಚ್ಚುವ ಕಷ್ಟ ಹೇಳುತ್ತಾರೆ. ಆ ಬಿಳಿ ಪದರ ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆ ಚಿಪ್ಪಿನ ಸುಮಾರು 95 ಭಾಗವೂ ಅದೇ ವಸ್ತು.

ಈಗ ಯೋಚಿಸಿ. ತನ್ನಲ್ಲಿರುವ ಸುಣ್ಣವನ್ನೇ ಹಿಡಿದಿಟ್ಟುಕೊಳ್ಳಲಾಗದೆ ಪಾತ್ರೆಗೆ ಮೆತ್ತುವ ನೀರು, ಹೊಸದಾಗಿ ಹಾಕಿದ ಚಿಪ್ಪನ್ನು ಕರಗಿಸೀತೇ? ಕರಗಿಸುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಚೆನ್ನಾಗಿ ಕರಗುವುದು ಆಮ್ಲೀಯ ನೀರಿನಲ್ಲಿ. ಪಿಎಚ್ 8ರ ಗಡಸು ನೀರಿನಲ್ಲಿ ಚಿಪ್ಪು ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಬೋರ್ ನೀರಿನ ಗಡಸುತನ ಲೀಟರಿಗೆ 400 ಮಿ.ಗ್ರಾಂ ಎಂದುಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ (ಐಎಸ್ 10500) ಗಡಸುತನದ ಅಪೇಕ್ಷಿತ ಮಿತಿ 200, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ. ಈ 400ರಲ್ಲಿ ಅರ್ಧ ಮಾತ್ರ ಕ್ಯಾಲ್ಸಿಯಂನಿಂದ ಬಂದದ್ದೆಂದು ಹಿಡಿದರೂ ಲೀಟರಿಗೆ 80 ಮಿ.ಗ್ರಾಂ ಕ್ಯಾಲ್ಸಿಯಂ ಆಯಿತು. 500 ಲೀಟರ್ ತೊಟ್ಟಿಯಲ್ಲಿ 40 ಗ್ರಾಂ. ಒಂದು ಮೊಟ್ಟೆ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಂದರೆ ನಿಮ್ಮ ತೊಟ್ಟಿಯಲ್ಲಿ ಆಗಲೇ 20 ಚಿಪ್ಪಿನಷ್ಟು ಕ್ಯಾಲ್ಸಿಯಂ ಕರಗಿದೆ.

ಹಾಗಾದರೆ ಎಲೆ ಹಳದಿಯಾಗುವುದೇಕೆ?

ಯಾವ ಎಲೆ, ಹೇಗೆ ಹಳದಿಯಾಗಿದೆ ಎಂದು ಮೊದಲು ನೋಡಿ.

ಹೊಸ ಎಲೆ ಹಳದಿ, ಆದರೆ ನರಗಳು ಹಸಿರು: ಇದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಪಿಎಚ್ 7.5 ದಾಟಿದರೆ ಕಬ್ಬಿಣ ತುಕ್ಕಿನಂತೆ ಗಟ್ಟಿಯಾಗಿ ಕೂತುಬಿಡುತ್ತದೆ, ಬೇರಿಗೆ ಸಿಗುವುದಿಲ್ಲ. ಇಲ್ಲಿ ಸುಣ್ಣ ಹಾಕಿದರೆ ಪಿಎಚ್ ಇನ್ನೂ ಏರಿ ರೋಗ ಹೆಚ್ಚುತ್ತದೆ.

ಹಳೆ ಎಲೆಯ ಅಂಚು ಹಳದಿಯಾಗಿ ಸುಟ್ಟಂತಾಗುವುದು: ಪೊಟ್ಯಾಸಿಯಂ ಕೊರತೆ ಇರಬಹುದು.

ಹೊಸ ಎಲೆ ಮುರುಟುವುದು, ತುದಿ ಸುಡುವುದು, ಟೊಮೆಟೊ ಕಾಯಿಯ ತಳ ಕಪ್ಪಾಗುವುದು: ಇದು ಕ್ಯಾಲ್ಸಿಯಂ ಲಕ್ಷಣ. ಆದರೆ ಇಲ್ಲೂ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲ ಎಂದರ್ಥವಲ್ಲ. ಗಿಡದೊಳಗೆ ಕ್ಯಾಲ್ಸಿಯಂ ಸಾಗುವುದು ಬೇರಿನಿಂದ ಮೇಲೇರುವ ನೀರಿನ ಜೊತೆ. ಏಪ್ರಿಲ್‌ನ ಒಣ ಬಿಸಿಲಲ್ಲಿ ಆ ನೀರನ್ನೆಲ್ಲ ದೊಡ್ಡ ಎಲೆಗಳೇ ಎಳೆದುಕೊಳ್ಳುತ್ತವೆ, ಕಾಯಿಗೂ ಎಳೆ ಚಿಗುರಿಗೂ ಪಾಲು ಸಿಗುವುದಿಲ್ಲ. ಇದಕ್ಕೆ ನೆರಳು ಪರದೆ ಕಟ್ಟಿ, ಪಂಪ್ ನಿಲ್ಲದಂತೆ ನೋಡಿಕೊಳ್ಳಿ.

ಸುಣ್ಣ ಹಾಕಿದರೆ ಮೀನು ಏಕೆ ಸಾಯುತ್ತದೆ?

ಎಲೆ ಅಡಿಕೆಗೆ ಹಚ್ಚುವ ಸುಣ್ಣ ನೀರಿನಲ್ಲಿ ಪೂರ್ತಿ ಕರಗಿದಾಗ ಪಿಎಚ್ 12 ದಾಟುತ್ತದೆ. ತೊಟ್ಟಿಗೆ ಚಮಚಗಟ್ಟಲೆ ಹಾಕಿದರೆ ಪಿಎಚ್ ಥಟ್ಟನೆ ಏರುತ್ತದೆ. ಆ ಏರಿಕೆಯೇ ಮೀನಿಗೆ ಪೆಟ್ಟು. ಅದಕ್ಕಿಂತ ದೊಡ್ಡ ಅಪಾಯ ಅಮೋನಿಯಾ.

ಮೀನು ಹೊರಹಾಕುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಹೆಚ್ಚು ಅಪಾಯವಿಲ್ಲದ ಅಮೋನಿಯಂ ಮತ್ತು ವಿಷಕಾರಿ ಅಮೋನಿಯಾ. ಎಷ್ಟು ಭಾಗ ವಿಷ ಎಂಬುದನ್ನು ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. ನೀರು 30 ಡಿಗ್ರಿ ಇದ್ದಾಗ ಪಿಎಚ್ 7ರಲ್ಲಿ ಶೇ. 1ಕ್ಕಿಂತ ಕಡಿಮೆ ವಿಷರೂಪ. ಪಿಎಚ್ 8ರಲ್ಲಿ ಸುಮಾರು ಶೇ. 7. ಪಿಎಚ್ 9ರಲ್ಲಿ ಸುಮಾರು ಶೇ. 44. ಅಮೋನಿಯಾ ಪ್ರಮಾಣ ಅಷ್ಟೇ ಇದ್ದರೂ ವಿಷ ಹಲವು ಪಟ್ಟು ಹೆಚ್ಚುತ್ತದೆ. ಸಂಜೆ ಸುಣ್ಣ ಹಾಕಿದ ತೊಟ್ಟಿಯಲ್ಲಿ ಬೆಳಗ್ಗೆ ಮೀನು ತೇಲಲು ಇದೇ ಕಾರಣ ಸಾಕು.

ಅಳೆಯಬೇಕಾದದ್ದು ಯಾವುದು?

ಹೆಚ್ಚಿನವರ ಬಳಿ ಇರುವುದು ಟಿಡಿಎಸ್ ಮೀಟರ್. ಅದು ಕರಗಿದ ಲವಣಗಳ ಒಟ್ಟು ಮೊತ್ತದ ಅಂದಾಜು ಮಾತ್ರ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಅಡುಗೆ ಉಪ್ಪು ಎಷ್ಟು ಎಂದು ಅದು ಹೇಳದು.

ನಿಮಗೆ ಬೇಕಾದದ್ದು ಮೂರು ಸಂಖ್ಯೆ: ಪಿಎಚ್, ಗಡಸುತನ, ಕ್ಷಾರೀಯತೆ. ಕೊನೆಯ ಎರಡು ಒಂದೇ ಅಲ್ಲ. ಗಡಸುತನ ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕ್ಷಾರೀಯತೆ ಎಂದರೆ ಮುಖ್ಯವಾಗಿ ಬೈಕಾರ್ಬೊನೇಟ್, ಅಂದರೆ ಪಿಎಚ್ ಇಳಿಯದಂತೆ ತಡೆಯುವ ಶಕ್ತಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಕಿಟ್‌ಗಳಲ್ಲಿ ಜಿಎಚ್ ಎಂದರೆ ಗಡಸುತನ, ಕೆಎಚ್ ಎಂದರೆ ಕ್ಷಾರೀಯತೆ. ಹೆಚ್ಚಿನ ಕಿಟ್‌ಗಳಲ್ಲಿ ಒಂದು ಹನಿ ಎಂದರೆ ಲೀಟರಿಗೆ ಸುಮಾರು 18 ಮಿ.ಗ್ರಾಂ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಹೊರತಂದ ಸಣ್ಣ ಪ್ರಮಾಣದ ಅಕ್ವಾಪೋನಿಕ್ಸ್ ಕೈಪಿಡಿ ಸೂಚಿಸುವ ಮಟ್ಟ 60ರಿಂದ 140 ಮಿ.ಗ್ರಾಂ, ಅಂದರೆ ಸುಮಾರು 4ರಿಂದ 8 ಹನಿ.

ಗಡಸು ನೀರಿನ ತೊಟ್ಟಿ ತಾನಾಗಿಯೇ ಸರಿಹೋಗುತ್ತದೆಯೇ?

ಬಹುಮಟ್ಟಿಗೆ ಹೌದು, ತಾಳ್ಮೆ ಇದ್ದರೆ. ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಕ್ಷಾರೀಯತೆಯನ್ನು ಖರ್ಚು ಮಾಡುತ್ತವೆ. 1 ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಗ್ರಾಂ ಕ್ಷಾರೀಯತೆ.

500 ಲೀಟರ್ ತೊಟ್ಟಿಗೆ ದಿನಕ್ಕೆ 50 ಗ್ರಾಂ ಆಹಾರ ಹಾಕುತ್ತೀರಿ, ಅದರಲ್ಲಿ ಶೇ. 32 ಪ್ರೋಟೀನ್ ಎಂದುಕೊಳ್ಳಿ. ಅದರ ಸಾರಜನಕದಲ್ಲಿ ಅರ್ಧ ಅಮೋನಿಯಾ ಆದರೆ ದಿನಕ್ಕೆ ಸುಮಾರು 9 ಗ್ರಾಂ ಕ್ಷಾರೀಯತೆ ಖರ್ಚು. ಆವಿಯಾದ 10 ಲೀಟರಿಗೆ ಬದಲಾಗಿ 400 ಮಿ.ಗ್ರಾಂ ಕ್ಷಾರೀಯತೆಯ ಬೋರ್ ನೀರು ತುಂಬಿದರೆ 4 ಗ್ರಾಂ ವಾಪಸ್. ದಿನಕ್ಕೆ ನಿವ್ವಳ 5 ಗ್ರಾಂ ಇಳಿಕೆ. ಈ ಲೆಕ್ಕದಲ್ಲಿ 400ರಿಂದ 140ಕ್ಕೆ ಇಳಿಯಲು ಸುಮಾರು 26 ದಿನ ಬೇಕು. ಗಿಡಗಳು ನೈಟ್ರೇಟ್ ಹೀರುವಾಗ ಒಂದಿಷ್ಟು ಕ್ಷಾರೀಯತೆ ಮರಳಿಸುವುದರಿಂದ ವಾಸ್ತವದಲ್ಲಿ ಇನ್ನೂ ನಿಧಾನ.

ಗಮನಿಸಿ: ಈ ಅವಧಿಯಲ್ಲಿ ಇಳಿಯುವುದು ಕ್ಷಾರೀಯತೆ, ಕ್ಯಾಲ್ಸಿಯಂ ಅಲ್ಲ. ತುಂಬಿಸುವ ಪ್ರತಿ ಬಕೆಟ್ ಬೋರ್ ನೀರಿನ ಜೊತೆ ಕ್ಯಾಲ್ಸಿಯಂ ಬರುತ್ತಲೇ ಇರುತ್ತದೆ. ಹಾಗಾಗಿ ಮುಂದೆ ಕೆಎಚ್ 60ಕ್ಕಿಂತ ಕೆಳಗಿಳಿದರೆ ನಮ್ಮಲ್ಲಿ ಹಾಕಬೇಕಾದದ್ದು ಸುಣ್ಣವಲ್ಲ, ಪೊಟ್ಯಾಸಿಯಂ ಬೈಕಾರ್ಬೊನೇಟ್. ಅದರಿಂದ ಕ್ಷಾರೀಯತೆಯೂ ಸಿಗುತ್ತದೆ, ಗಿಡಕ್ಕೆ ಪೊಟ್ಯಾಸಿಯಂ ಕೂಡ. 500 ಲೀಟರಿಗೆ 20 ಗ್ರಾಂ ಹಾಕಿದರೆ ಕೆಎಚ್ ಸುಮಾರು 20 ಮಿ.ಗ್ರಾಂ ಏರುತ್ತದೆ. ಬಕೆಟ್‌ನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವೇ ಸುರಿಯಿರಿ. ಅಡುಗೆ ಸೋಡಾ ಬೇಡ, ಅದರ ಸೋಡಿಯಂ ತೊಟ್ಟಿಯಲ್ಲೇ ಉಳಿದು ಗಿಡಕ್ಕೆ ತೊಂದರೆ ಕೊಡುತ್ತದೆ.

ಇನ್ನಷ್ಟು ಫಾರ್ವರ್ಡ್ ಸಲಹೆಗಳು: ಯಾವುದು ಸರಿ?

ವಿನೆಗರ್, ನಿಂಬೆರಸ ಹಾಕಿದರೆ ಪಿಎಚ್ ಇಳಿಯುತ್ತದೆ: ತಾತ್ಕಾಲಿಕ. ಬ್ಯಾಕ್ಟೀರಿಯಾ ಈ ಆಮ್ಲಗಳನ್ನು ತಿಂದು ಮುಗಿಸಿದ ಮೇಲೆ ಪಿಎಚ್ ಮತ್ತೆ ಏರುತ್ತದೆ. ತಿನ್ನುವಾಗ ನೀರಿನ ಆಮ್ಲಜನಕವೂ ಖರ್ಚಾಗುತ್ತದೆ.

ಟಾಯ್ಲೆಟ್ ಕ್ಲೀನರ್ ಆಸಿಡ್ ಹಾಕಬಹುದು: ಖಂಡಿತ ಬೇಡ. ಅದರಲ್ಲಿ ಬೇರೆ ರಾಸಾಯನಿಕಗಳೂ ಇರುತ್ತವೆ. ಮೀನಿಗಷ್ಟೇ ಅಲ್ಲ, ಆ ಸೊಪ್ಪು ತಿನ್ನುವ ನಿಮಗೂ ಅಪಾಯ.

ಸಾಫ್ಟನರ್ ನೀರು ಒಳ್ಳೆಯದು: ತಪ್ಪು. ಉಪ್ಪು ಹಾಕಿ ನಡೆಸುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಕ್ಷಾರೀಯತೆ ಹಾಗೆಯೇ ಉಳಿಯುತ್ತದೆ. ಗಿಡಕ್ಕೆ ಬೇಕಾದದ್ದು ಹೋಗಿ ಬೇಡವಾದದ್ದು ಬರುತ್ತದೆ.

ಮಳೆ ನೀರು ಬೆರೆಸಿದರೆ ಸಾಕು: ಇದು ಸರಿ. 400 ಮಿ.ಗ್ರಾಂ ಇರುವ ಬೋರ್ ನೀರು ಒಂದು ಬಕೆಟ್, ಮಳೆ ನೀರು ಮೂರು ಬಕೆಟ್ ಸೇರಿಸಿದರೆ ಸುಮಾರು 100ಕ್ಕೆ ಇಳಿಯುತ್ತದೆ. ಮಳೆ ನೀರಿಲ್ಲದಿದ್ದರೆ ಆರ್‌ಒ ನೀರು ಆಗಬಹುದು. ನಗರಕ್ಕೆ ಬರುವ ಕೃಷ್ಣಾ ನದಿ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು, ಆದರೆ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ತೆರೆದ ಡ್ರಮ್‌ನಲ್ಲಿ ಒಂದೆರಡು ದಿನ ಇಟ್ಟು ಬಳಸಿ.

ಯಾವ ಜಲ್ಲಿಯಾದರೂ ಆಗುತ್ತದೆ: ಇಲ್ಲ. ಜಲ್ಲಿಯ ಮೇಲೆ ವಿನೆಗರ್ ಹನಿಸಿ. ನೊರೆ ಬಂದರೆ ಸುಣ್ಣದ ಕಲ್ಲು, ಪಿಎಚ್ ಇಳಿಯಲು ಬಿಡುವುದಿಲ್ಲ. ನಮ್ಮ ಕರಿಕಲ್ಲಿನ ಜಲ್ಲಿ ಸಾಮಾನ್ಯವಾಗಿ ಸರಿ, ಆದರೆ ಬಿಳಿ ಹರಳು ತುಂಬಿದ ತುಂಡುಗಳನ್ನು ಆರಿಸಿ ತೆಗೆಯಿರಿ.

ಹಾಗಾದರೆ ಏನು ಮಾಡಬೇಕು?

ಹೊಸ ತೊಟ್ಟಿಗೆ ಮೀನು ಬಿಡುವ ಮೊದಲೇ ನೀರು ಪರೀಕ್ಷಿಸಿ. ಆರಂಭದಲ್ಲಿ ಪಿಎಚ್ 8 ಇದ್ದರೆ ಗಾಬರಿ ಬೇಡ, ರೋಹು, ಕಟ್ಲಾ, ಸಾಮಾನ್ಯ ಗೆಂಡೆ ಅದನ್ನು ತಾಳುತ್ತವೆ. ಆದರೆ ಆಗ ಅಮೋನಿಯಾ ಹೆಚ್ಚಾಗದಂತೆ ಆಹಾರ ಕಡಿಮೆ ಹಾಕಿ. ಹೊಸ ಎಲೆ ಹಳದಿಯಾದರೆ ಚೀಲೇಟೆಡ್ ಕಬ್ಬಿಣ ಕೊಡಿ. ಇಡಿಟಿಎ ರೂಪದ್ದು ನಮ್ಮ ಪಿಎಚ್‌ನಲ್ಲಿ ನಿಲ್ಲುವುದಿಲ್ಲ. 7ರ ಆಸುಪಾಸಿನಲ್ಲಿ ಡಿಟಿಪಿಎ, 8ರ ಹತ್ತಿರ ಇಡಿಡಿಎಚ್‌ಎ ಕೇಳಿ. ಎರಡನೆಯದು ನೀರನ್ನು ಕೆಂಪಾಗಿಸುತ್ತದೆ, ಅದು ಸಹಜ. ಆವಿಯಾಗುವುದು ನೀರು ಮಾತ್ರ, ಲವಣ ಉಳಿಯುತ್ತದೆ. ಅದಕ್ಕೆ ತೊಟ್ಟಿಯ ಒಂದಿಷ್ಟು ನೀರನ್ನು ಆಗಾಗ ಅಂಗಳದ ಗಿಡಗಳಿಗೆ ಬಿಟ್ಟು ಹೊಸ ನೀರು ತುಂಬಿ.

ಸಂದೇಹವಿದ್ದರೆ ಸಲಹೆ ಕೇಳಲು ವಿಜಯಪುರದ ಹಿಟ್ನಳ್ಳಿ ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರ ಮತ್ತು ಭೂತನಾಳದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಹತ್ತಿರದಲ್ಲೇ ಇವೆ.

ಒಟ್ಟಾರೆ ನಿಜವೇನು?

ಮಳೆ ನೀರು ಅಥವಾ ಬರೀ ಆರ್‌ಒ ನೀರು ಬಳಸುವವರಿಗೆ ಕ್ಯಾಲ್ಸಿಯಂ ಸೇರಿಸುವ ಸಲಹೆ ಸರಿ. ಅಂಥ ತೊಟ್ಟಿಯ ನೀರು ಕ್ರಮೇಣ ಆಮ್ಲೀಯವಾಗುವುದರಿಂದ ಬಲೆ ಚೀಲದಲ್ಲಿ ಕಟ್ಟಿಟ್ಟ ಚಿಪ್ಪು ನಿಧಾನವಾಗಿ ಕರಗಿ ಉಪಯೋಗಕ್ಕೆ ಬರುತ್ತದೆ. ಬೋರ್ ನೀರು ಬಳಸುವ ವಿಜಯಪುರ, ತಿಕೋಟಾ, ಬಬಲೇಶ್ವರದ ಮನೆಗಳಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಕೊರತೆ ಕಾಣುವುದು ಕಬ್ಬಿಣ ಮತ್ತು ಪೊಟ್ಯಾಸಿಯಂನದು.

ಆದ್ದರಿಂದ ಮುಂದಿನ ಬಾರಿ ಇಂಥ ಸಲಹೆ ಬಂದಾಗ ಕಳಿಸಿದವರನ್ನು ಒಂದು ಪ್ರಶ್ನೆ ಕೇಳಿ: "ಇದು ಯಾವ ನೀರಿಗೆ?" ಉತ್ತರ ಸಿಗದಿದ್ದರೆ ತೊಟ್ಟಿಗೆ ಏನನ್ನೂ ಹಾಕಬೇಡಿ, ಸಂದೇಶವನ್ನೂ ಮುಂದೆ ಕಳಿಸಬೇಡಿ.