ಪ್ರಯೋಗಶಾಲೆಯ ಸೀಸೆಗಳಿಗೆ ಲೇಬಲ್

ಪ್ರೌಢಶಾಲೆಯ ಪ್ರಯೋಗಶಾಲೆಯು ವಿದ್ಯಾರ್ಥಿಗಳಿಗೆ ಕಲಿಕೆಯ ತಾಣವಾದರೆ, ಶಿಕ್ಷಕರಿಗೂ ಸಹಾಯಕ ಸಿಬ್ಬಂದಿಗೂ ಅದು ಕೆಲಸದ ಸ್ಥಳ. ಅಪಾಯಕಾರಿ ರಾಸಾಯನಿಕಗಳಿಗೆ ಸಂಬಂಧಿಸಿದ 1989ರ ಕೇಂದ್ರ ನಿಯಮಗಳ ಪ್ರಕಾರ, ಪಾತ್ರೆಯೊಳಗೆ ಏನಿದೆ, ತಯಾರಿಸಿದವರು ಯಾರು ಎಂಬುದನ್ನು ಪಾತ್ರೆಯ ಮೇಲೆ ಸ್ಪಷ್ಟವಾಗಿ ನಮೂದಿಸಬೇಕು. ಆದ್ದರಿಂದ ಅಂಗಡಿಯಿಂದ ತಂದ ದೊಡ್ಡ ಸೀಸೆಯ ವಿಷಯದಲ್ಲಿ ಚಿಂತೆ ಕಡಿಮೆ. ಅದರಿಂದ ಮೇಜಿನ ಮೇಲಿನ ಚಿಕ್ಕ ಸೀಸೆಗೆ ಆಮ್ಲವನ್ನು ಸುರಿದಾಗ ದ್ರವವಷ್ಟೇ ಹೋಗುತ್ತದೆ, ಮಾಹಿತಿ ದೊಡ್ಡ ಸೀಸೆಯಲ್ಲಿಯೇ ಉಳಿಯುತ್ತದೆ. ಚಿಕ್ಕ ಸೀಸೆಗೆ ಲೇಬಲ್ ಬರೆಯುವ ಹೊಣೆ ಶಿಕ್ಷಕರದು.

ಗಡಿನಾಡಿನ ಶಾಲೆಗಳಲ್ಲಿ ಈ ಬರವಣಿಗೆಗೆ ಭಾಷೆಯ ತೊಡಕೂ ಇದೆ. ವಿದ್ಯಾರ್ಥಿಗಳು ಕನ್ನಡ ಓದುತ್ತಾರೆ. ಸೀಸೆ ತೊಳೆಯುವ ಸಹಾಯಕರು ಆಯಾ ರಾಜ್ಯದ ಭಾಷೆಯನ್ನಷ್ಟೇ ಓದಬಲ್ಲವರಾಗಿರಬಹುದು. ‘ಆಮ್ಲ’ ಎಂಬ ಪದದಿಂದ ತೊಂದರೆಯಿಲ್ಲ. ತೆಲುಗು, ಮರಾಠಿಗಳಲ್ಲಿಯೂ ಅದೇ ಪದ, ತಮಿಳಿನಲ್ಲಿ ‘ಅಮಿಲಂ’. ಎಚ್ಚರ ಬೇಕಾದುದು ‘ಕ್ಷಾರ’ದ ವಿಷಯದಲ್ಲಿ. ಕನ್ನಡ ವಿಜ್ಞಾನ ಪರಿಭಾಷೆಯಲ್ಲಿ ಕ್ಷಾರವೆಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ. ಚರ್ಮವನ್ನೂ ಕಣ್ಣನ್ನೂ ಸುಡುವ ಸೋಡಿಯಂ ಹೈಡ್ರಾಕ್ಸೈಡ್ ಈ ವರ್ಗಕ್ಕೆ ಸೇರಿದುದು. ತೆಲುಗಿನಲ್ಲಿ ಪ್ರತ್ಯಾಮ್ಲಕ್ಕೇ ಕ್ಷಾರವೆಂದು ಹೆಸರಾದ್ದರಿಂದ ರಾಯದುರ್ಗ, ಮಡಕಶಿರಾಗಳಲ್ಲಿ ಅನರ್ಥವಾಗದು. ಮರಾಠಿಯಲ್ಲಾದರೋ ಪ್ರತ್ಯಾಮ್ಲವು ‘ಆಮ್ಲಾರಿ’, ‘ಕ್ಷಾರ’ವೆಂದರೆ ಲವಣ. ಜತ್ತ ಅಥವಾ ಅಕ್ಕಲಕೋಟೆಯ ಶಾಲೆಯೊಂದರಲ್ಲಿ ಸೀಸೆಯ ಮೇಲೆ ‘ಕ್ಷಾರ ದ್ರಾವಣ’ ಎಂದಷ್ಟೇ ಬರೆದರೆ, ಮರಾಠಿ ಕಲಿತವರು ಅದನ್ನು ಉಪ್ಪುನೀರೆಂದು ತಿಳಿಯುವುದು ಸಹಜ. ಆದುದರಿಂದ ವರ್ಗದ ಹೆಸರು ಸಾಲದು. ‘ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ’ ಎಂದು ವಸ್ತುವಿನ ಪೂರ್ಣ ಹೆಸರನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಬರೆಯಬೇಕು.

‘ಪ್ರಬಲ’, ‘ದುರ್ಬಲ’ ಎಂಬ ಪದಗಳೂ ಲೇಬಲ್ಲಿಗೆ ಒಗ್ಗುವುದಿಲ್ಲ. ಅಸಿಟಿಕ್ ಆಮ್ಲ ದುರ್ಬಲ ಆಮ್ಲವೇ ಸರಿ, ಆದರೂ ಸಾರೀಕೃತ ಅಸಿಟಿಕ್ ಆಮ್ಲವು ಚರ್ಮವನ್ನು ಸುಡುತ್ತದೆ. ಸಾರೀಕೃತವೋ ಸಾರರಿಕ್ತವೋ ಎಂಬುದನ್ನು ಬರೆದು, ದ್ರಾವಣ ತಯಾರಿಸಿದ ದಿನಾಂಕವನ್ನು ಸೇರಿಸಬೇಕು.

ಅಕ್ಷರಕ್ಕೆ ಚಿತ್ರದ ನೆರವೂ ಇರಲಿ. ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಕೆಂಪು ಅಂಚಿನ, ವಜ್ರಾಕಾರದ ಒಂಬತ್ತು ಚಿಹ್ನೆಗಳಿವೆ. ಶಾಲೆಗೆ ಮುಖ್ಯವಾಗಿ ಬೇಕಾಗುವವು ಮೂರು: ಕೈಯ ಮೇಲೂ ಲೋಹದ ಮೇಲೂ ದ್ರವ ತೊಟ್ಟಿಕ್ಕುವ ಚಿತ್ರ ಸುಡುವ ವಸ್ತುವಿಗೆ, ಜ್ವಾಲೆ ಸ್ಪಿರಿಟ್‌ನಂತಹ ಉರಿಯುವ ವಸ್ತುವಿಗೆ, ತಲೆಬುರುಡೆ ವಿಷಕ್ಕೆ. ವಿದ್ಯಾರ್ಥಿಗಳಿಂದಲೇ ಇವನ್ನು ಬರೆಯಿಸಿದರೆ ಅದೂ ಒಂದು ಪಾಠವಾಗುತ್ತದೆ.

ಬಾಲ್‌ಪೆನ್ನಿನ ಬರಹವನ್ನು ಆಮ್ಲದ ಹಬೆ ಅಳಿಸಬಹುದು. ಪೆನ್ಸಿಲ್ ಬರಹ ಹೆಚ್ಚು ಬಾಳುತ್ತದೆ. ಕರಗಿಸಿದ ಮೇಣವನ್ನು ಲೇಬಲ್ಲಿನ ಮೇಲೆ ತೆಳುವಾಗಿ ಸವರುವ ಹಳೆಯ ರೂಢಿ ಇಂದಿಗೂ ಉಪಯುಕ್ತ. ಸುರಿಯುವಾಗ ಲೇಬಲ್ ಅಂಗೈಯ ಕಡೆಗಿದ್ದರೆ ಸೋರಿದ ಹನಿ ಅದರ ಮೇಲೆ ಇಳಿಯದು. ಕುಡಿಯುವ ನೀರಿನ ಬಾಟಲಿಯಲ್ಲಿ, ಲೇಬಲ್ ಅಂಟಿಸಿದ್ದರೂ, ರಾಸಾಯನಿಕವನ್ನು ತುಂಬಿಡಕೂಡದು. ಲೇಬಲ್ ಕಳಚಿಹೋದ ಸೀಸೆ ಸಿಕ್ಕರೆ ಮೂಸಿ ನೋಡಿ ಗುರುತಿಸಲು ಯತ್ನಿಸಬಾರದು, ಬಚ್ಚಲಿಗೆ ಸುರಿಯಲೂ ಬಾರದು. ‘ಗುರುತಿಲ್ಲದ ವಸ್ತು, ಮುಟ್ಟಬೇಡಿ’ ಎಂದು ಎರಡೂ ಭಾಷೆಗಳಲ್ಲಿ ಬರೆದು ಬೀಗವಿರುವ ಕಪಾಟಿನಲ್ಲಿ ಪ್ರತ್ಯೇಕವಾಗಿ ಇಟ್ಟು, ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಬೇಕು.