ಮರಗಸಿಯಲ್ಲಿ ಬಿದ್ದ ಸೀತಾಳೆ ದಂಡೆ

ಮಳೆಗಾಲಕ್ಕೆ ಮುಂಚಿನ ಮರಗಸಿಯಲ್ಲಿ ನೆರಳು ಮರದ ಕೊಂಬೆಗಳ ಜೊತೆಗೆ ಸೀತಾಳೆ ದಂಡೆಯೂ ನೆಲಕ್ಕೆ ಬೀಳುವುದುಂಟು. ದಪ್ಪ ಎಲೆ, ಹಗ್ಗದಂಥ ಬಿಳಿ ಬೇರಿನ ಈ ಗಿಡವನ್ನು ಬಂದಳಿಕೆಯೆಂದು ಬಗೆದು ಸೌದೆಯೊಡನೆ ಒಲೆಗೆ ಹಾಕುವವರಿದ್ದಾರೆ. ಮರದ ಮೇಲಿದ್ದುದನ್ನೂ ಕತ್ತಿಯಿಂದ ಕೆರೆಸುವವರಿದ್ದಾರೆ. ಇದು ತಪ್ಪು ತಿಳುವಳಿಕೆ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆಯಾದರೋ ತೊಗಟೆಯನ್ನು ಹಿಡಿದು ಕೂತಿರುತ್ತದೆ, ಅಷ್ಟೆ. ಬೇರಿನ ಮೇಲಿನ ಸ್ಪಂಜಿನಂಥ ಹೊದಿಕೆಯೇ ಅದಕ್ಕೆ ಮಳೆನೀರನ್ನು ಹಿಡಿದುಕೊಡುತ್ತದೆ.

ಇದು ಆರ್ಕಿಡ್ ಕುಟುಂಬದ ಗಿಡ. ವೆನಿಲ್ಲಾ ಬಳ್ಳಿಯೂ ಇದೇ ಕುಟುಂಬದ್ದು. (ವೆನಿಲ್ಲಾ ಬೆಲೆಯ ಮಾತು ಇಲ್ಲಿ ಬೇಡ.) ಅಸ್ಸಾಮಿನಲ್ಲಿ ಸೀತಾಳೆ ದಂಡೆಯೇ ರಾಜ್ಯಪುಷ್ಪ, ಬಿಹು ಕುಣಿತಕ್ಕೆ ಹೆಣ್ಣುಮಕ್ಕಳು ಮುಡಿಯುವ ಹೂವು. ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವಿಲ್ಲ. ತಕ್ಕ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಮೊಳೆಯುತ್ತದೆ. ಅಲ್ಲಿಂದ ಹೂ ಬಿಡಲು ವರ್ಷಗಳೇ ಬೇಕು. ಒಲೆಗೆ ಹೋದ ಗಿಡದ ಜಾಗಕ್ಕೆ ಇನ್ನೊಂದು ಸುಲಭವಾಗಿ ಬಾರದು.

ಆದ್ದರಿಂದ ಬಿದ್ದದ್ದನ್ನು ಮನೆಗೆ ತನ್ನಿ. ಬೇರನ್ನು ಕಿತ್ತೆಳೆಯಬಾರದು, ಗಿಡವಿರುವ ಕೊಂಬೆಯನ್ನೇ ಒಂದಡಿ ತುಂಡು ಮಾಡಿ ಜಗಲಿಯ ಸೂರಿಗೆ ತೂಗುಹಾಕುವುದು ಎಲ್ಲಕ್ಕಿಂತ ಉತ್ತಮ. ಬೇರು ಬಿಟ್ಟುಹೋಗಿದ್ದರೆ ಅಡಿಕೆ ದಬ್ಬೆಯ ಮೇಲೆ ತೆಂಗಿನ ನಾರು ಹಾಸಿ, ಗಿಡವನ್ನಿಟ್ಟು ಬಾಳೆ ನಾರಿನಿಂದ ಕಟ್ಟಿ. ಕುಂಡಕ್ಕೆ ಮಣ್ಣು ತುಂಬಿ ನೆಟ್ಟರೆ ಗಾಳಿಯಿಲ್ಲದೆ ಬೇರು ಕೊಳೆಯುವುದು ಖಂಡಿತ. ಬೆಳಗಿನ ಎಳೆಬಿಸಿಲು ಬೀಳುವ ಕಡೆ ಇರಲಿ. ಸುಳಿಯಲ್ಲಿ ನೀರು ನಿಲ್ಲದಂತೆ ಗಿಡ ಸ್ವಲ್ಪ ವಾಲಿರಬೇಕು.

ನೀರಿನ ಲೆಕ್ಕವನ್ನು ಬೇರೇ ಹೇಳುತ್ತದೆ. ನೆನೆದಾಗ ಹಸಿರು, ಒಣಗಿದಾಗ ಬಿಳಿ. ಬೆಳ್ಳಗಾದ ಮೇಲೆ ಚಿಮುಕಿಸಿದರೆ ಸಾಕು. ಬೇಸಿಗೆಯಲ್ಲಿ ದಿನವೂ ಬೇಕಾದೀತು, ಮಳೆಗಾಲದಲ್ಲಿ ನಮ್ಮ ಕಡೆಯ ಗಾಳಿಯ ತೇವವೇ ಬಹುಮಟ್ಟಿಗೆ ಸಾಕಾಗುತ್ತದೆ.

ಒಂದು ಎಚ್ಚರಿಕೆ ಅಡಿಕೆ ಬೆಳೆಗಾರರಿಗೆ ವಿಶೇಷವಾಗಿ ಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ. ಆರ್ಕಿಡ್‌ಗಳಲ್ಲಿ ಹಲವಕ್ಕೆ, ಅದರಲ್ಲೂ ಡೆಂಡ್ರೋಬಿಯಂ ಜಾತಿಗೆ, ತಾಮ್ರ ಆಗಿಬರುವುದಿಲ್ಲ. ಸಿಂಪಡಣೆಯ ದಿನ ಗಿಡವನ್ನು ಒಳಗಿಡಿ.

ಮೀಸಲು ಅರಣ್ಯದಿಂದ ಕಿತ್ತು ತರುವುದು ಅಪರಾಧ. ನಾವು ಹೇಳುತ್ತಿರುವುದು ನಿಮ್ಮ ತೋಟದಲ್ಲಿ ಬಿದ್ದದ್ದರ ಮಾತು. ಬೀಳದೆ ಮರದಲ್ಲೇ ಇರುವುದು ಅಲ್ಲೇ ಇರಲಿ. ಗಸಿ ಮಾಡುವವರಿಗೆ ಮುಂಚೆಯೇ ತೋರಿಸಿ ಹೇಳಿಬಿಡಿ.

ಹೊಸ ಬೇರು ದಬ್ಬೆಯನ್ನು ಕಚ್ಚಿದ ಮೇಲೆ ಕಟ್ಟು ಬಿಚ್ಚಬಹುದು. ಆಮೇಲೆ ಗಿಡವನ್ನು ಪದೇಪದೇ ಕದಲಿಸಬೇಡಿ. ಮೇ-ಜೂನ್ ಹೊತ್ತಿಗೆ ಎಲೆಯ ಬುಡದಿಂದ ದಂಡೆ ಇಳಿಯುತ್ತದೆ. ಮೊದಲ ವರ್ಷ ಇಳಿಯದಿದ್ದರೆ ಗಾಬರಿ ಬೇಡ.