ಮನೆಬಾಗಿಲಿಗೆ ಬಂದ ಶುಶ್ರೂಷೆ

ದಾದಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಆಸ್ಪತ್ರೆಯ ಸಾಲುಮಂಚಗಳು, ಬಿಳಿಯ ಉಡುಪು. ಕೈಚೀಲ ಹಿಡಿದು ಕೇರಿ ಕೇರಿ ಅಲೆದು ರೋಗಿಯ ಮನೆಯ ಕದ ತಟ್ಟುವ ದಾದಿಯ ಕಥೆಯೇ ಬೇರೆ. ಅವಳ ಕೆಲಸವೇ ಹೆಚ್ಚು ಕಠಿಣವೆಂದು ನನ್ನ ಎಣಿಕೆ.

1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವರ್ತಕ ವಿಲಿಯಂ ರಾತ್‌ಬೋನನ ಹೆಂಡತಿ ತೀರಿಕೊಂಡಳು. ಕಡೆಗಾಲದಲ್ಲಿ ಆಕೆಯನ್ನು ಉಪಚರಿಸಿದವಳು ಮೇರಿ ರಾಬಿನ್‌ಸನ್ ಎಂಬ ದಾದಿ. ಹಣವಿದ್ದ ತನ್ನ ಮನೆಗೇ ಈ ಆರೈಕೆಯಿಂದ ಇಷ್ಟು ನೆಮ್ಮದಿ ದೊರೆತಿರುವಾಗ, ಏನೂ ಇಲ್ಲದವರ ಮನೆಯಲ್ಲಿ ರೋಗಿಯ ಪಾಡೇನು ಎಂದು ಅವನು ಯೋಚಿಸಿದನು. ತಾನೇ ಸಂಬಳ ಕೊಟ್ಟು ಅವಳನ್ನು ಮೂರು ತಿಂಗಳ ಮಟ್ಟಿಗೆ ಬಡವರ ಕೇರಿಗಳಿಗೆ ಕಳುಹಿಸಿದನು. ಒಂದು ತಿಂಗಳಿಗೇ ಆಕೆ ಅಳುತ್ತ ಹಿಂದಿರುಗಿ, ಅಲ್ಲಿಯ ದೈನ್ಯವನ್ನು ನೋಡಲಾರೆ, ಬಿಡುಗಡೆ ಮಾಡಿರೆಂದು ಬೇಡಿದಳು. ರಾತ್‌ಬೋನ್ ಧೈರ್ಯ ಹೇಳಿ ಒಪ್ಪಿಸಿದನು. ಅವಧಿ ಮುಗಿದಾಗ ಆ ಕೆಲಸವನ್ನು ಬಿಡಲು ಅವಳೇ ಒಲ್ಲೆನೆಂದಳು. ಅವಳಂಥವರು ಬೇರೆ ಸಿಗದೆ ಹೋದಾಗ, ಫ್ಲಾರೆನ್ಸ್ ನೈಟಿಂಗೇಲಳ ಸಲಹೆ ಪಡೆದು ಅವನು 1862ರಲ್ಲಿ ದಾದಿಯರ ಶಾಲೆಯನ್ನೇ ಸ್ಥಾಪಿಸಿದನು. ನಗರವನ್ನು 18 ವಿಭಾಗಗಳಾಗಿ ಹಂಚಲಾಯಿತು.

ಅಟ್ಲಾಂಟಿಕ್ಕಿನ ಆಚೆ, ನ್ಯೂಯಾರ್ಕಿನಲ್ಲಿ, 1893ರಲ್ಲಿ ಲಿಲಿಯನ್ ವಾಲ್ಡ್ ಎಂಬ ತರುಣಿ ವಲಸೆಗಾರ ಹೆಂಗಸರಿಗೆ ಮನೆಯ ಶುಶ್ರೂಷೆಯ ಪಾಠ ಹೇಳುತ್ತಿದ್ದಳು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಬಂದು, ಹೆರಿಗೆಯಾಗಿ ನರಳುತ್ತಿದ್ದ ತಾಯಿಯ ಬಳಿಗೆ ಅವಳನ್ನು ಕರೆದೊಯ್ದಳು. ಎರಡೇ ಕೋಣೆ, ಮನೆಯವರು ಏಳು ಮಂದಿ, ಮೇಲೆ ಬಾಡಿಗೆಯವರು ಬೇರೆ! ವಾಲ್ಡ್ ತನ್ನ ವೈದ್ಯವ್ಯಾಸಂಗವನ್ನು ಬಿಟ್ಟು, ಗೆಳತಿ ಮೇರಿ ಬ್ರೂಸ್ಟರಳೊಡನೆ ಆ ಬಡವರ ನಡುವೆಯೇ ಮನೆಮಾಡಿದಳು. 'ಸಾರ್ವಜನಿಕ ಆರೋಗ್ಯ ದಾದಿ' ಎಂಬ ಹೆಸರನ್ನು ರೂಢಿಗೆ ತಂದವಳೂ ಅವಳೇ. ಗಾಳಿಬೆಳಕಿಲ್ಲದ ಮನೆ, ಹೊಟ್ಟೆಗೆ ಸಾಲದ ಕೂಲಿ, ಇವುಗಳನ್ನು ಬಿಟ್ಟು ಬರಿಯ ರೋಗವನ್ನು ನೋಡಿದರೆ ಫಲವಿಲ್ಲವೆಂಬುದು ಅವಳ ನಿಲುವಾಗಿತ್ತು. ನೈಟಿಂಗೇಲಳ ಕೀರ್ತಿಯ ನೆರಳಿನಲ್ಲಿ ಈಕೆಯನ್ನು ನಾವು ತಕ್ಕಷ್ಟು ಅರಿತಿಲ್ಲ.

ಆಗ ಆ ನಗರದ ಶಾಲೆಗಳಲ್ಲಿ ವೈದ್ಯರು ಮಕ್ಕಳನ್ನು ಪರೀಕ್ಷಿಸಿ, ಕಣ್ಣುಬೇನೆ, ಹುಳುಕಡ್ಡಿ, ಹೇನು ಕಂಡವರನ್ನು ಮನೆಗೆ ಅಟ್ಟುತ್ತಿದ್ದರು. ಚಿಕಿತ್ಸೆ ಮಾಡುವವರಿಲ್ಲ. ಅಟ್ಟಿಸಿಕೊಂಡ ಹುಡುಗ ಸಂಜೆ ಬೀದಿಯಲ್ಲಿ ಅದೇ ಸಹಪಾಠಿಗಳೊಡನೆ ಆಡುತ್ತಿದ್ದ! 1902ರ ಅಕ್ಟೋಬರಿನಲ್ಲಿ ವಾಲ್ಡ್ ತನ್ನ ಬಳಗದ ಲೀನಾ ರೋಜರ್ಸಳನ್ನು ಪರೀಕ್ಷಾರ್ಥವಾಗಿ ನಾಲ್ಕು ಶಾಲೆಗಳಿಗೆ ಕಳುಹಿಸಿದಳು. ಅವಳು ಚಿಕ್ಕಪುಟ್ಟ ಬೇನೆಗೆ ಶಾಲೆಯಲ್ಲಿಯೇ ಮದ್ದು ಹಚ್ಚಿದಳು. ಉಳಿದವರ ಮನೆಯ ಮೆಟ್ಟಿಲು ಹತ್ತಿ ತಾಯಂದಿರಿಗೆ ತಿಳಿಯಹೇಳಿದಳು. ಒಂದೇ ತಿಂಗಳಲ್ಲಿ ಫಲ ಕಂಡು ನಗರದ ಆರೋಗ್ಯ ಇಲಾಖೆ ಮತ್ತಷ್ಟು ದಾದಿಯರನ್ನು ನೇಮಿಸಿತು. 1902ರ ಸೆಪ್ಟೆಂಬರಿನಲ್ಲಿ 10,000ಕ್ಕೂ ಮಿಕ್ಕಿದ್ದ ಹೀಗೆ ಅಟ್ಟಿದವರ ಸಂಖ್ಯೆ, ಮರುವರ್ಷದ ಅದೇ ತಿಂಗಳಲ್ಲಿ 1,100ರ ಸುಮಾರಿಗೆ ಇಳಿದಿತ್ತು.